ಮೊದಲು ಯಾವುದು ನೋಡಲಿ: 'ರೋಮಿಯೋಸ್'? 'ಬಾಯ್ಸ್ ಡೋಂಟ್ ಕ್ರೈ'?

ಕೊಪ್ಪಳದ ನಮ್ಮ ಓಣಿಯ ತಮ್ಮನೊಬ್ಬ ಟ್ರಾನ್ಸ್ ಪುರುಷ. ಅಂದರೆ ಹುಟ್ಟಿದಾಗ ಹೆಣ್ಣು ಎಂದು ಬರೆಸಿದ್ದರು, ಆದರೆ ಅವನು ಗಂಡಸು. ಗವಿಮಠದ ಜಾತ್ರೆ ಮುಗಿಸಿ ಬರುವಾಗ ಮೆಲ್ಲಗೆ ಕೇಳಿದ: "ನನ್ನಂಥವನ ಪ್ರೀತಿ ಸಿನಿಮಾ ಇದ್ರ ಹೇಳಣ್ಣ."

ನನಗೆ ಹೊಳೆದದ್ದು ಎರಡು. 'ರೋಮಿಯೋಸ್' 2011ರ ಜರ್ಮನ್ ಸಿನಿಮಾ. ನಿರ್ದೇಶಕಿ ಸಬೀನೆ ಬರ್ನಾರ್ಡಿ. ಇಪ್ಪತ್ತರ ಟ್ರಾನ್ಸ್ ಹುಡುಗ ಲೂಕಾಸ್ ಕಲೋನ್ ನಗರಕ್ಕೆ ಬರುತ್ತಾನೆ. ಮೈ ಗಂಡಸಿನಂತಾಗಲು ಹಾರ್ಮೋನ್ ಇಂಜೆಕ್ಷನ್ ನಡೆದಿದೆ. ಆದರೂ ಅವನಿಗೆ ಸಿಗುವ ರೂಮು ಹುಡುಗಿಯರ ಹಾಸ್ಟೆಲ್‌ನಲ್ಲಿ! ಆಧಾರ್‌ನಲ್ಲಿ ಇನ್ನೂ ಹಳೆಯ ಹೆಸರೇ ಇರುವ ನಮ್ಮ ತಮ್ಮ ಇದನ್ನು ಕೇಳಿ ನಿಂತಲ್ಲೇ ನಿಂತುಬಿಟ್ಟ. ಅವನಿಗೆ ಇದು ಕಥೆ ಅಲ್ಲ, ಅಲ್ವಾ? ಮುಂದೆ ಲೂಕಾಸ್‌ಗೆ ಫಾಬಿಯೋ ಎಂಬ ಹುಡುಗನ ಮೇಲೆ ಮನಸ್ಸಾಗುತ್ತದೆ. ನಿಜ ಹೇಳಿದರೆ ಅವನು ದೂರ ಹೋಗಬಹುದು, ಹೇಳದಿದ್ದರೆ ಹತ್ತಿರ ಹೋಗುವುದು ಹೇಗೆ? ಆ ಒದ್ದಾಟವೇ ಈ ಸಿನಿಮಾದ ಜೀವ. ತನ್ನ ಮೈಯನ್ನು ತಾನೇ ಒಪ್ಪಿಕೊಳ್ಳುವ ಹಾದಿಯೂ ಅದರಲ್ಲೇ ಇದೆ.

'ಬಾಯ್ಸ್ ಡೋಂಟ್ ಕ್ರೈ' 1999ರದ್ದು, ಅಮೆರಿಕದಲ್ಲಿ ನಿಜವಾಗಿ ನಡೆದದ್ದು. ನಟನೆ ಜಾಸ್ತಿ ಗಟ್ಟಿ. ಬ್ರ್ಯಾಂಡನ್ ಟೀನಾ ಎಂಬ ಟ್ರಾನ್ಸ್ ಹುಡುಗನ ಪಾತ್ರ ಮಾಡಿದ ನಟಿ ಹಿಲರಿ ಸ್ವಾಂಕ್‌ಗೆ ಆಸ್ಕರ್ ಬಂತು. ಇದರಲ್ಲೂ ಪ್ರೀತಿ ಇದೆ. ಆದರೆ ನಿಜದ ಬ್ರ್ಯಾಂಡನ್‌ನನ್ನು 1993ರಲ್ಲಿ ಕೊಂದರು. ಅವನಿಗಿನ್ನೂ 21 ವರ್ಷ. ಅತ್ಯಾಚಾರದ ದೃಶ್ಯವೂ ಇದೆ, ನನಗೆ ಕಣ್ಣು ಮುಚ್ಚಿಕೊಳ್ಳಬೇಕಾಯಿತು.

ಮನೆಯವರಿಗೆ ಇಂಥವರ ಕಷ್ಟ ತಿಳಿಯಲಿ ಎಂದರೆ ಎರಡನೆಯದು. ತಮ್ಮನಿಗೆ ನಾನು ಹೇಳಿದ್ದು 'ರೋಮಿಯೋಸ್'. ಇನ್ನೊಂದನ್ನು ನೋಡುವ ದಿನ ನನಗೆ ಫೋನ್ ಮಾಡು, ಒಬ್ಬನೇ ಕೂತು ನೋಡಬೇಡ ಅಂದಿದ್ದೇನೆ.