ಹೊಟ್ಟೆ ಇಳಿಸಲು ಅಡುಗೆಮನೆಯ ತಕ್ಕಡಿ: 14 ತಿಂಗಳ ಬಳಕೆಯ ನಂತರ

ಸಾಮಾನು: ಸೆಲ್ ಹಾಕುವ ಡಿಜಿಟಲ್ ತಕ್ಕಡಿ, 10 ಕೆಜಿವರೆಗೆ ತೂಗುತ್ತದೆ, 1 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಬೆಲೆ 400 ರೂಪಾಯಿ ಆಸುಪಾಸು.
ಬಳಕೆ: ಬಾಗಲಕೋಟೆ ನವನಗರದ ಮನೆ, ದಿನಾ ಎರಡು ಹೊತ್ತು.
ಅಂಕ: 5ಕ್ಕೆ 4.

ಹೊಟ್ಟೆ ಕರಗಿಸುವ ಸಾಮಾನು ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಬೆವರಿನ ಬೆಲ್ಟು, ಹೊಟ್ಟೆ ಅಲುಗಾಡಿಸುವ ಮಷಿನ್ನು. ಈ ತಕ್ಕಡಿಯನ್ನು ಕೇಕ್ ಮಾಡುವವರಿಗೆ ಅಂತ ಮಾರುತ್ತಾರೆ. ಆದರೂ ಸೊಂಟದ ಸುತ್ತಳತೆ ಇಳಿಸಬೇಕೆನ್ನುವವರಿಗೆ ಈ ಬೆಲೆಯಲ್ಲಿ ಇದಕ್ಕಿಂತ ಉಪಯೋಗದ ಸಾಮಾನು ಇಲ್ಲ ಎಂಬುದೇ ನನ್ನ ಅಭಿಪ್ರಾಯ. ಬೆಲ್ಟು ಕಟ್ಟಿಕೊಂಡು ನಡೆದರೆ ಹೋಗುವುದು ನೀರು. ಎರಡು ತಂಬಿಗೆ ಕುಡಿದರೆ ಅಷ್ಟೂ ತೂಕ ವಾಪಸ್. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಅದನ್ನು ಕಟ್ಟಿಕೊಂಡು ಓಡುವುದು ಜೀವಕ್ಕೇ ಅಪಾಯ. ಒಂದು ಜಾಗದ ಸ್ನಾಯುವನ್ನು ದುಡಿಸಿ ಅದೇ ಜಾಗದ ಕೊಬ್ಬು ಕರಗಿಸಲು ಆಗುವುದಿಲ್ಲ. ದಿನದ ಖರ್ಚಿಗಿಂತ ಊಟ ಕಡಿಮೆಯಾದಾಗ ದೇಹ ಎಲ್ಲ ಕಡೆಯಿಂದಲೂ ಕೊಬ್ಬು ತೆಗೆಯುತ್ತದೆ, ಯಾವ ಕಡೆಯಿಂದ ಮೊದಲು ಎಂಬುದನ್ನು ಅದೇ ನಿರ್ಧರಿಸುತ್ತದೆ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆಜಿ. ಈ 500 ನಮ್ಮ ತಾಟಿನಲ್ಲಿ ಎಲ್ಲಿ ಕೂತಿದೆ ಅಂತ ಕಣ್ಣಂದಾಜಿಗೆ ಗೊತ್ತಾಗುವುದಿಲ್ಲ. ತಕ್ಕಡಿಯ ಕೆಲಸ ಅದೇ.

ಹೊಟ್ಟೆ ಬಂತು ಅಂದ ಕೂಡಲೇ ಎಲ್ಲರೂ ಮೊದಲು ಬಿಡುವುದು ರೊಟ್ಟಿ. ತೂಗಿ ನೋಡಿದರೆ ತಪ್ಪು ರೊಟ್ಟಿಯದಲ್ಲ. ಸಾಧಾರಣ ಗಾತ್ರದ ಒಂದು ಬಿಸಿ ಜೋಳದ ರೊಟ್ಟಿಗೆ 60 ಗ್ರಾಂ ಹಿಟ್ಟು ಹೋಗುತ್ತದೆ. ಜೋಳದ ಹಿಟ್ಟಿಗೆ 100 ಗ್ರಾಂಗೆ 340ರ ಸುಮಾರು ಕ್ಯಾಲೊರಿ, ಅಂದರೆ ರೊಟ್ಟಿಗೆ 205. ಬೇಯಿಸಿದ ಮೇಲೆ ಅದರ ತೂಕ 90 ಗ್ರಾಂ ಹತ್ತಿರ ಬರುತ್ತದೆ, ಹೆಚ್ಚಿನ 30 ಗ್ರಾಂ ಬರೀ ನೀರು. ಈಗ ಬದಿಯಲ್ಲಿರುವ ಶೇಂಗಾ ಹಿಂಡಿ (ಚಟ್ನಿ ಪುಡಿ) ತೂಗಿ. ತುಂಬಿದ ದೊಡ್ಡ ಚಮಚ 15ರಿಂದ 20 ಗ್ರಾಂ. ಶೇಂಗಾ ಕಾಳಿಗೆ ಗ್ರಾಂಗೆ ಐದೂವರೆ ಕ್ಯಾಲೊರಿ ಹಿಡಿದರೆ 20 ಗ್ರಾಂಗೆ 110. ಅದರ ಮೇಲೆ ಕುಸುಬಿ ಎಣ್ಣೆಯ ಒಂದು ಧಾರೆ ಬಿಟ್ಟರೆ 10 ಗ್ರಾಂ, 90 ಕ್ಯಾಲೊರಿ. ತಾಟಿನ ಮೂಲೆಯಲ್ಲಿ ಕೂತ ಆ ಹಿಂಡಿ ಒಂದು ಪೂರ್ತಿ ರೊಟ್ಟಿಗೆ ಸಮ. ಅದರಿಂದ ಹೊಟ್ಟೆ ತುಂಬಿದ ಅನುಭವ ಮಾತ್ರ ಬರುವುದಿಲ್ಲ.

ಖಡಕ್ ರೊಟ್ಟಿಯ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಬಿಸಿ ರೊಟ್ಟಿಗೆ 100 ಗ್ರಾಂಗೆ 225ರ ಸುಮಾರು. ಖಡಕ್ ರೊಟ್ಟಿಯಲ್ಲಿ ನೀರೇ ಇಲ್ಲ, ಹಾಗಾಗಿ ಅದಕ್ಕೆ ಹಿಟ್ಟಿನಷ್ಟೇ, 340. ತೆಳ್ಳಗಿದೆ, ಹಗುರ ಇದೆ ಅಂತ ನಾಲ್ಕು ಮುರಿದುಕೊಂಡರೆ ಹಿಟ್ಟು ಅಷ್ಟೇ ಒಳಗೆ ಹೋಗಿರುತ್ತದೆ. ಆದ್ದರಿಂದ ಹಿಟ್ಟು, ಬೇಳೆ, ಕಾಳು, ಅಕ್ಕಿ ಯಾವಾಗಲೂ ಹಸಿ ಇದ್ದಾಗ ತೂಗಬೇಕು. ಬೇಯಿಸಿದ ಅನ್ನ ತೂಗಿ ಅದಕ್ಕೆ ಅಕ್ಕಿಯ ಲೆಕ್ಕ ಹಚ್ಚಿದರೆ ಉತ್ತರ ಎರಡು-ಮೂರು ಪಟ್ಟು ತಪ್ಪುತ್ತದೆ.

ಎಣ್ಣೆ ಅಳೆಯುವಾಗ ಚಮಚ ನಂಬಬೇಡಿ. ಎಣ್ಣೆ ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟು ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ, ಒಗ್ಗರಣೆಗೆ ಸುರಿದು ಡಬ್ಬಿ ಮರಳಿ ಇಡಿ. −24 ಅಂತ ತೋರಿಸಿದರೆ 24 ಗ್ರಾಂ ಹೋಯಿತು, ಅಂದರೆ 216 ಕ್ಯಾಲೊರಿ. ಎಣ್ಣೆಗಾಯಿ ಬದನೆಕಾಯಿಗೆ ಅಳತೆಯಿಲ್ಲದೆ ಸುರಿದರೆ ಎಣ್ಣೆ 60 ಗ್ರಾಂ ದಾಟುವುದು ಅಪರೂಪವಲ್ಲ. ಗ್ರಾಂ ಬಿಟ್ಟು ಮಿಲಿಲೀಟರ್ ಗುಂಡಿ ಒತ್ತಬೇಡಿ, ಆ ಲೆಕ್ಕ ನೀರಿಗೆ ಮಾತ್ರ ಸರಿ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಅಚ್ಚಾಗಿರುವುದು ಅದಕ್ಕೇ.

ಇಡೀ ಮನೆಗೆ ಮಾಡಿದ ಪಲ್ಯದಲ್ಲಿ ಒಬ್ಬರ ಪಾಲು ಹಿಡಿಯಲು ಖಾಲಿ ಪಾತ್ರೆಗಳ ತೂಕ ಒಮ್ಮೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿಡಿ. ಪಲ್ಯ ಸಮೇತ ತೂಗಿ ಪಾತ್ರೆಯ ತೂಕ ಕಳೆಯಿರಿ. 600 ಗ್ರಾಂ ಪಲ್ಯಕ್ಕೆ 30 ಗ್ರಾಂ ಎಣ್ಣೆ ಹಾಕಿದ್ದರೆ, 150 ಗ್ರಾಂ ಬಡಿಸಿಕೊಂಡವರಿಗೆ ಏಳೂವರೆ ಗ್ರಾಂ ಎಣ್ಣೆ. ಮೊದಲ ವಾರ ಇದು ಕಿರಿಕಿರಿ ಅನಿಸುತ್ತದೆ. ಮೂರನೇ ವಾರಕ್ಕೆ ಎರಡು ನಿಮಿಷದ ಕೆಲಸ.

ತಕ್ಕಡಿಗೆ ಕಾಣದೇ ಹೋಗುವುದು ಕರಿದ ಪದಾರ್ಥ. ಮಿರ್ಚಿ ಭಜಿ ತೂಗಿದರೆ ಒಳಗೆ ಎಷ್ಟು ಎಣ್ಣೆ ಕುಡಿದಿದೆ ಗೊತ್ತಾಗದು. ಮನೆಯಲ್ಲೇ ಕರಿದರೆ ಬಾಣಲೆಯನ್ನು ಎಣ್ಣೆ ಸಮೇತ ಮೊದಲೊಮ್ಮೆ, ಕರಿದು ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ತೂಗಿ, ವ್ಯತ್ಯಾಸವನ್ನು ಭಜಿಗಳ ಸಂಖ್ಯೆಗೆ ಹಂಚಬೇಕು. ಹೊರಗೆ ತಿಂದದ್ದಕ್ಕೆ ದಪ್ಪನೆಯ ಒಂದಕ್ಕೆ 150 ಅಂತ ಬರೆದುಕೊಳ್ಳಿ. ಅಮೀನಗಡದ ಕರದಂಟು ತೂಗಲು ಬರುತ್ತದೆ: ತುಪ್ಪ, ಬೆಲ್ಲ, ಗೋಡಂಬಿ ಕೂಡಿದ 40 ಗ್ರಾಂ ತುಂಡು 160ಕ್ಕೆ ಕಡಿಮೆ ಇರದು. ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು ಎನ್ನುವವರು ಇದ್ದಾರೆ, ಆದರೆ ಕ್ಯಾಲೊರಿಯಲ್ಲಿ ಅದು ಸಕ್ಕರೆಗೆ ಹೆಚ್ಚುಕಡಿಮೆ ಸಮ. ದಿನಕ್ಕೆ ಐದು ಸಲ ಚಹಾ, ಪ್ರತಿ ಸಲ 10 ಗ್ರಾಂ ಸಕ್ಕರೆ ಅಂದರೆ 200 ಕ್ಯಾಲೊರಿ ಚಹಾದಲ್ಲೇ ಮುಗಿಯಿತು. ಉಪವಾಸದ ಸಾಬೂದಾಣಿ ಖಿಚಡಿಯನ್ನೂ ಒಮ್ಮೆ ತೂಗಿ ನೋಡಬೇಕು. 80 ಗ್ರಾಂ ಸಾಬೂದಾಣಿ, 30 ಗ್ರಾಂ ಶೇಂಗಾ ಪುಡಿ, 15 ಗ್ರಾಂ ತುಪ್ಪ ಸೇರಿ 570 ದಾಟುತ್ತದೆ. ಉಪವಾಸದ ದಿನವೇ ಹೆಚ್ಚು ತಿಂದಂತಾಯಿತು.

ಶುರು ಮಾಡುವ ಕ್ರಮ ಹೀಗಿರಲಿ. ಮೊದಲ ಏಳು ದಿನ ಏನೂ ಕಡಿಮೆ ಮಾಡದೆ ತಿಂದದ್ದನ್ನೆಲ್ಲ ಬರೀ ತೂಗಿ ಬರೆಯಿರಿ. ಅಮಾವಾಸ್ಯೆಯ ಹೋಳಿಗೆ, ಸಂತೆ ದಿನದ ಗಿರಮಿಟ್ ಎಲ್ಲ ಸೇರಲಿ. ಏಳರಿಂದ ಭಾಗಿಸಿ ಬಂದ ಸರಾಸರಿಯಿಂದ 400-500 ಕಳೆಯಿರಿ. ಕಳೆಯುವಾಗ ಮೊದಲು ಕೈ ಹಾಕಬೇಕಾದದ್ದು ಎಣ್ಣೆ ಮತ್ತು ಸಕ್ಕರೆಗೆ, ಆಮೇಲೆ ಹಿಂಡಿಗೆ, ಕೊನೆಗೆ ರೊಟ್ಟಿಗೆ. ಕಾಳು-ಬೇಳೆ ಕಡಿಮೆ ಮಾಡಲೇಬೇಡಿ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ, ತೂಕ ಇಳಿದರೂ ಹೊಟ್ಟೆ ಮೆತ್ತಗೆ ಹಾಗೇ ಕೂತಿರುತ್ತದೆ. ಮೈತೂಕದ ಕೆಜಿಗೆ 1.2 ಗ್ರಾಂ ಪ್ರೋಟೀನ್ ಗುರಿ ಇಟ್ಟರೆ 70 ಕೆಜಿಯವರಿಗೆ 84 ಗ್ರಾಂ.

ಮೊಟ್ಟೆ-ಮಾಂಸ ಮುಟ್ಟದ ಮನೆಯಲ್ಲಿ ಇದು ಸುಲಭವಲ್ಲ, ಆದರೆ ಆಗುತ್ತದೆ. ದಿನಕ್ಕೆ ಮೂರು ರೊಟ್ಟಿ (180 ಗ್ರಾಂ ಹಿಟ್ಟು), ಮಡಕಿ ಕಾಳು 50 ಗ್ರಾಂ, ತೊಗರಿಬೇಳೆ 40, ಝುಣಕಕ್ಕೆ ಕಡಲೆ ಹಿಟ್ಟು 40, ಮೊಸರು 250, ಆಕಳ ಹಾಲು 250, ಶೇಂಗಾ 25, ಸೋಯಾ ತುಂಡು 25, ಎಣ್ಣೆ 20 ಗ್ರಾಂ, ಮೇಲೆ ಕಾಯಿಪಲ್ಲೆ, ಸೊಪ್ಪು. ಇಷ್ಟಕ್ಕೆ ಸುಮಾರು 1,850 ಕ್ಯಾಲೊರಿ, 80 ಗ್ರಾಂ ಪ್ರೋಟೀನ್. ಎಮ್ಮೆ ಹಾಲು ಬಳಸುವವರು ಹಾಲಿನ ಕ್ಯಾಲೊರಿ ಒಂದೂವರೆ ಪಟ್ಟು ಹಿಡಿಯಬೇಕು. ಮೊಟ್ಟೆ ತಿನ್ನುವವರು ಸೋಯಾ ಬಿಟ್ಟು ಎರಡು ಮೊಟ್ಟೆ ತಿಂದರೆ ಪ್ರೋಟೀನ್ ಲೆಕ್ಕ ಬಹುತೇಕ ಅಷ್ಟೇ. ಶೇಂಗಾವನ್ನು ಪ್ರೋಟೀನ್ ಅಂತ ಮುಷ್ಟಿಗಟ್ಟಲೆ ತಿನ್ನುವ ರೂಢಿ ನಮ್ಮಲ್ಲಿದೆ. ಅದರ ಅರ್ಧದಷ್ಟು ಭಾಗ ಎಣ್ಣೆ ಎಂಬುದು ನೆನಪಿರಲಿ.

ವ್ಯಾಯಾಮಕ್ಕೆ ಬಂದರೆ, ಅರ್ಧ ತಾಸು ಚುರುಕಾಗಿ ನಡೆದರೆ 70 ಕೆಜಿಯ ದೇಹ ಖರ್ಚು ಮಾಡುವುದು ಸುಮಾರು 120 ಕ್ಯಾಲೊರಿ. ಒಂದು ಮಿರ್ಚಿಗೂ ಸಾಲದು. ಹಾಗಂತ ನಡಿಗೆ ಬಿಡಬಾರದು: ಹೊಟ್ಟೆಯೊಳಗೆ ಕರುಳು-ಯಕೃತ್ತಿನ ಸುತ್ತ ಕೂತ ಕೊಬ್ಬು ನಡಿಗೆಗೆ ಚೆನ್ನಾಗಿ ಸ್ಪಂದಿಸುತ್ತದೆ, ರೋಗ ತರುವುದೂ ಅದೇ ಕೊಬ್ಬು. ವಾರಕ್ಕೆ 150 ನಿಮಿಷ ಕನಿಷ್ಠ. ನವನಗರದ ಸೆಕ್ಟರ್ ರಸ್ತೆಗಳು ಅಗಲ ಇವೆ, ಬೇಸಿಗೆಯಲ್ಲಿ 7 ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು.

ಸ್ನಾಯು ಉಳಿಸಲು ಗರಡಿಮನೆಯ ದಂಡ, ಬೈಠಕ್‌ ಮುಖ್ಯ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಬೈಠಕ್ 12ರಂತೆ ಮೂರು ಸುತ್ತು, ದಂಡ 6ರಿಂದ 10ರಂತೆ ಮೂರು ಸುತ್ತು, ಸುತ್ತಿನ ನಡುವೆ 90 ಸೆಕೆಂಡ್ ವಿಶ್ರಾಂತಿ. ದಂಡ ಬಾರದವರು ಕಟ್ಟೆಯ ಮೇಲೆ ಕೈಯೂರಿ ಶುರು ಮಾಡಲಿ. ಬೆನ್ನಿಗೆ ಮತ್ತು ತೊಡೆಯ ಹಿಂಭಾಗಕ್ಕೆ 5 ಲೀಟರ್ ಎಣ್ಣೆ ಕ್ಯಾನಿಗೆ ನೀರು ತುಂಬಿ ಎರಡು ಕೈಗೂ ಒಂದೊಂದು ಹಿಡಿದು, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ ಏಳುವುದು, 12ರಂತೆ ಮೂರು. ಹಗುರ ಅನಿಸಿದಾಗ ನೀರಿನ ಬದಲು ಒಣ ಮರಳು ತುಂಬಿದರೆ ಅದೇ ಕ್ಯಾನು 8 ಕೆಜಿ ಹತ್ತಿರ ಬರುತ್ತದೆ. ಈ ತಕ್ಕಡಿಯ ಮೇಲೆಯೇ ತೂಗಿಕೊಳ್ಳಬಹುದು. ಕೊನೆಗೆ ಮೊಣಕೈ ಊರಿ ಹಲಗೆಯಂತೆ 30 ಸೆಕೆಂಡ್ ನಿಲ್ಲುವುದು, ಮೂರು ಸಲ. ಇದು ಹೊಟ್ಟೆಯ ಸ್ನಾಯು ಬಿಗಿ ಮಾಡುತ್ತದೆ. ಮೇಲಿನ ಕೊಬ್ಬನ್ನು ತೆಗೆಯುವ ಕೆಲಸ ಊಟದ್ದು.

ಫಲಿತಾಂಶ ನೋಡಲು ದರ್ಜಿಯ ಟೇಪು ಜೊತೆಗಿರಲೇಬೇಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವಿನ ಮಧ್ಯಭಾಗದಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಪ್ರಯೋಜನವಿಲ್ಲ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು, ಎತ್ತರದ ಅರ್ಧಕ್ಕಿಂತ ಸೊಂಟ ಕಡಿಮೆ ಇರಬೇಕು ಎಂಬುದು ಇನ್ನೊಂದು ಸುಲಭ ಲೆಕ್ಕ. ವಾರಕ್ಕೊಮ್ಮೆ ಅಳೆದರೆ ಸಾಕು. ಮೊದಲ ವಾರ ತೂಕ ಒಂದೆರಡು ಕೆಜಿ ಇಳಿದರೆ ಅದರಲ್ಲಿ ಹೆಚ್ಚಿನದು ನೀರು. ಉಪ್ಪಿನಕಾಯಿ, ಹಪ್ಪಳದ ಊಟದ ಮರುದಿನ ಒಂದು ಕೆಜಿ ಏರಿದರೆ ಅದೂ ನೀರೇ. ಎರಡಕ್ಕೂ ತಲೆಕೆಡಿಸಿಕೊಳ್ಳಬೇಡಿ.

ಹೊಕ್ಕುಳ ಕೆಳಗಿನ ಮಡಿಕೆ ಕೊನೆಗೆ ಹೋಗುತ್ತದೆ. ಒಳಗಿನ ಕೊಬ್ಬು ಮೊದಲು ಕರಗಿ ಟೇಪು ಸಡಿಲವಾಗುತ್ತದೆ, ಕೈಗೆ ಸಿಗುವ ಮಡಿಕೆ ಮಾತ್ರ ಅಲ್ಲೇ ಇರುತ್ತದೆ. ಅಲ್ಲಿನ ಕೊಬ್ಬಿನ ಕೋಶಗಳು ಕೊಬ್ಬನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಅಲ್ಲಿ ರಕ್ತ ಸಂಚಾರವೂ ಕಡಿಮೆ. ಹೆಚ್ಚಿನವರು ಕೈಬಿಡುವುದು ಈ ಹಂತದಲ್ಲೇ. ಮೂರು ವಾರ ಟೇಪೂ ಅಲುಗಾಡದಿದ್ದರೆ ಊಟ ಮತ್ತೆ ಕತ್ತರಿಸುವ ಮೊದಲು ತೂಗುವುದು ಎಲ್ಲಿ ತಪ್ಪಿದೆ ನೋಡಿ. ಹಿಂಡಿ ಮೇಲಿನ ಎಣ್ಣೆ, ಮಕ್ಕಳ ತಾಟಿನಲ್ಲಿ ಉಳಿದದ್ದು, ಭಾನುವಾರದ ಊಟ ಈ ಮೂರರಲ್ಲೇ ಸಾಮಾನ್ಯವಾಗಿ ಸಿಗುತ್ತದೆ.

ಇನ್ನು ತಕ್ಕಡಿಯ ಕೊರತೆಗಳು. ಎರಡು ನಿಮಿಷಕ್ಕೆ ತಾನೇ ಆರಿಹೋಗುತ್ತದೆ, ಮಾಡಿಟ್ಟ ಸೊನ್ನೆಯೂ ಹೋಗುತ್ತದೆ. ಎಣ್ಣೆ ಡಬ್ಬಿಯ ಮೊದಲ ತೂಕ ಬರೆದಿಟ್ಟುಕೊಂಡರೆ ಈ ತೊಂದರೆ ಇಲ್ಲ. ಪರಾತ (ಅಗಲ ತಟ್ಟೆ) ಇಟ್ಟರೆ ಅಂಕಿ ಕಾಣುವ ಗಾಜು ಮುಚ್ಚಿಹೋಗುತ್ತದೆ. ಕೆಳಗೊಂದು ಬಟ್ಟಲು ಬೋರಲು ಇಟ್ಟು ಸೊನ್ನೆ ಮಾಡಿ ಅದರ ಮೇಲೆ ಪರಾತ ಇಡಬೇಕು. 2-3 ಗ್ರಾಂಗಿಂತ ಕಡಿಮೆ ಹಾಕಿದರೆ ಗಮನಿಸುವುದೇ ಇಲ್ಲ, ಆದ್ದರಿಂದ ಚಹಾದ ಸಕ್ಕರೆಯನ್ನು ಡಬ್ಬಿಯಿಂದ ಕಳೆಯುವ ಲೆಕ್ಕದಲ್ಲೇ ತೂಗಬೇಕು. ಒಲೆಯಿಂದ ಇಳಿಸಿದ ಬಿಸಿ ಪಾತ್ರೆ ನೇರ ಇಟ್ಟರೆ ಅಂಕಿ ಅಲೆದಾಡುತ್ತದೆ, ಒಳಗಿನ ತೂಕ ಹಿಡಿಯುವ ಪಟ್ಟಿಗೆ ಶಾಖ ಆಗದು. ನಡುವೆ ಒಂದು ಮಣೆ ಇರಲಿ. ಫ್ಯಾನಿನ ಗಾಳಿಗೂ ಅಂಕಿ ಹೊಯ್ದಾಡುತ್ತದೆ. ಒಂಬತ್ತನೇ ತಿಂಗಳಿಗೆ ಹಿಟ್ಟು ಸೇರಿ ಟೇರ್ ಗುಂಡಿ ಗಟ್ಟಿಯಾಯಿತು, ಒಣ ಹಲ್ಲುಜ್ಜುವ ಬ್ರಶ್ಶಿನಿಂದ ಸರಿಹೋಯಿತು. ಈಗ ಪ್ಲಾಸ್ಟಿಕ್ ಚೀಲದೊಳಗೇ ಇಟ್ಟು ಬಳಸುವುದು.

ಸರಿಯಾಗಿ ತೂಗುತ್ತಿದೆಯೇ ಅಂತ ತಿಂಗಳಿಗೊಮ್ಮೆ ನೋಡಲು ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ಗುರುತಿರುವ ಅಳತೆಯಿಂದ ಒಂದು ಲೀಟರ್ ನೀರು ಸುರಿಯಿರಿ. 1,000ಕ್ಕೆ ಐದಾರು ಗ್ರಾಂ ಆಚೀಚೆ ಇದ್ದರೆ ಚಿಂತೆಯಿಲ್ಲ. 20-30 ಗ್ರಾಂ ತಪ್ಪಿದರೆ ಮೊದಲು ಕಟ್ಟೆಯ ಸಮ ನೋಡಿ, ಆಮೇಲೆ ರಿಮೋಟಿಗೆ ಹಾಕುವಂಥ ಆ ಎರಡು ಸಣ್ಣ ಸೆಲ್ ಬದಲಿಸಿ. ಸೆಲ್ ಸೊರಗಿದಾಗ ಅಂಕಿ ಮಂಕಾಗುವ ಮೊದಲೇ ತೂಕ ತಪ್ಪಲು ಶುರುವಾಗುತ್ತದೆ, ಒಂದು ಅಂಕ ಕಳೆದದ್ದು ಮುಖ್ಯವಾಗಿ ಇದಕ್ಕೇ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಸಕ್ಕರೆ ಒಮ್ಮೆಲೇ ಕುಸಿಯಬಹುದು. ಬಸುರಿಯರು, ಬಾಣಂತಿಯರು ಈ ಲೆಕ್ಕಕ್ಕೆ ಇಳಿಯುವುದೇ ಬೇಡ. ಹೊಟ್ಟೆ ಕೆಲವೇ ವಾರದಲ್ಲಿ ಬಿಗಿಯಾಗಿ ಉಬ್ಬಿ, ಕಾಲೂ ಬಾತಿದ್ದರೆ ಅದು ಕೊಬ್ಬಲ್ಲ, ತಕ್ಕಡಿ ಬದಿಗಿಟ್ಟು ಮೊದಲು ಆಸ್ಪತ್ರೆಗೆ ತೋರಿಸಬೇಕು. ತುತ್ತು ತುತ್ತಿಗೂ ಅಂಕಿಯೇ ಕಣ್ಣೆದುರು ಬಂದು ಊಟದ ರುಚಿಯೇ ಹೋಗುತ್ತಿದೆ ಎನ್ನುವವರು ಎರಡು ತಿಂಗಳು ತೂಗಿ ಕೈಯಳತೆ ಕಲಿತು ನಿಲ್ಲಿಸಲಿ. ಆಮೇಲೆ ಎಣ್ಣೆ ಡಬ್ಬಿಯೊಂದನ್ನು ವಾರಕ್ಕೊಮ್ಮೆ ತೂಗಿದರೂ ಸಾಕಾಗುತ್ತದೆ.