ರಟ್ಟು, ಪೌಡರ್, ಡೈ: ಕಾರಿನ ಕೆಳಗಿನ ಹನಿ ಹಿಡಿಯೋಕೆ ಯಾವುದು ವಾಸಿ?

ಪಾರ್ಕಿಂಗ್ ಟೈಲ್ಸ್ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಮೊದಲು ನೋಡಿದ್ದು ನಾನಲ್ಲ, ಮನೆ ಓನರ್ ಆಂಟಿ. "ಏನಪ್ಪಾ ಇದು, ಮೊನ್ನೆ ತಾನೇ ಉಜ್ಜಿ ತೊಳೆಸಿದ್ದೆ" ಅಂದರು.

ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಗ್ಗಿ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಲ್ಲಿ ಬೆರಳಾಡಿಸಿ, "ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು" ಅಂದ. ಸೀಲ್ ಅಂದರೆ ಎಂಜಿನ್ ಒಳಗೆ ತಿರುಗೋ ದಂಡದ ಸುತ್ತ ಆಯಿಲ್ ಹೊರಬರದಂತೆ ತಡೆಯೋ ಉಂಗುರ. ಇದರಲ್ಲಿ ಸೀಲ್ ಅಗ್ಗ, ಕೂಲಿಯೇ ಜಾಸ್ತಿ. ಒಂದು ವಾರ ಬಿಟ್ಟು ಬರ್ತೀನಿ ಅಂತ ಹೇಳಿ ಬಂದು, ನಾನೇ ಮೂರು ದಾರಿ ಹಿಡಿದು ನೋಡಿದೆ.

ಮೊದಲು ಹಳೇ ಪೇಪರ್ ಹಾಸಿದೆ. ದಂಡ. ಹನಿ ಹರಡಿಕೊಂಡು, ಅಕ್ಷರದ ಮಸಿಯಲ್ಲಿ ಬಣ್ಣವೇ ಗೊತ್ತಾಗಲಿಲ್ಲ. ಆಮೇಲೆ ಫ್ರಿಡ್ಜ್ ಬಂದಿದ್ದ ಡಬ್ಬದ ರಟ್ಟು ಹಾಕಿ, ಮುಂದಿನ ಚಕ್ರಗಳು ಎಲ್ಲಿವೆ ಅಂತ ಪೆನ್ನಲ್ಲಿ ಗುರುತು ಮಾಡಿದೆ. ಬೆಳಗ್ಗೆ ನೋಡಿದರೆ ಎರಡು ಗುರುತು! ಎಡಗಡೆ ಇದ್ದದ್ದು ಬಣ್ಣವಿಲ್ಲದ, ವಾಸನೆಯಿಲ್ಲದ ಒದ್ದೆ. ರಾತ್ರಿ ಎಸಿ ಹಾಕಿಕೊಂಡು ಬಂದಿದ್ದೆನಲ್ಲ, ಅದರ ನೀರು. ಇನ್ನೊಂದು ಕಂದು ಬಣ್ಣದ, ಜಿಡ್ಡಿನ ಹನಿ. ಎಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಇದ್ದು ಸಿಹಿ ವಾಸನೆ ಬಂದರೆ ಕೂಲಂಟ್, ಅಂದರೆ ಎಂಜಿನ್ ತಂಪಾಗಿಡೋ ದ್ರವ. ಅದು ವಿಷ, ಬೆಕ್ಕು ನಾಯಿ ನೆಕ್ಕದ ಹಾಗೆ ಒರೆಸಿಬಿಡಿ. ಚಕ್ರದ ಪಕ್ಕ ತಿಳಿ ಹಳದಿ ಹನಿ ಬಿದ್ದಿದ್ದರೆ ಬ್ರೇಕ್ ಆಯಿಲ್ ಇರಬಹುದು. ಆಗ ಪರೀಕ್ಷೆ ಗಿರೀಕ್ಷೆ ಬಿಟ್ಟು ಗಾಡಿ ಓಡಿಸೋದನ್ನೇ ನಿಲ್ಲಿಸಬೇಕು.

ಕಾಸು ಖರ್ಚಿಲ್ಲದೆ ರಟ್ಟು ಇಷ್ಟು ಹೇಳಿತು. ಆದರೆ ಅದು ಹೇಳೋದು ಏನು ಸೋರುತ್ತಿದೆ ಅಂತ, ಎಲ್ಲಿಂದ ಅಂತ ಅಲ್ಲ. ಆಯಿಲ್ ಮೇಲಿಂದ ಇಳಿದು, ಗಾಳಿಗೆ ಹಿಂದಕ್ಕೆ ಸರಿದು, ತಗ್ಗಾದ ಕಡೆ ತೊಟ್ಟಿಕ್ಕುತ್ತದೆ. ಮೆಕ್ಯಾನಿಕ್ ಎಡವಿದ್ದೂ ಇಲ್ಲೇ ಅಂತ ನನಗೆ ಗುಮಾನಿ.

ಎರಡನೆಯದು ಮುಖಕ್ಕೆ ಹಾಕೋ ಟಾಲ್ಕಂ ಪೌಡರ್. ಎಂಜಿನ್ ತಣ್ಣಗಿದ್ದಾಗ ಕೈಗೆಟುಕುವಷ್ಟು ಜಾಗ ಒರೆಸಿ, ಒಣಗಿಸಿ, ಪೌಡರ್ ಉದುರಿಸಿದೆ. 15 ನಿಮಿಷ ಸುತ್ತಾಡಿ ಬಂದು ಬಾನೆಟ್ ತೆಗೆದೆ. ಮುಂಭಾಗ ಬೆಳ್ಳಗೆ ಹಾಗೇ ಇತ್ತು. ಹಿಂಬದಿಗೆ ಕಣ್ಣು ಹೋಗುವುದಿಲ್ಲ, ಮೊಬೈಲ್ ತೂರಿಸಿ ಟಾರ್ಚ್ ಹಾಕಿ ವಿಡಿಯೋ ಮಾಡಿದೆ. ಪೌಡರ್ ಮೇಲೆ ಬೆಂಕಿಕಡ್ಡಿಯಷ್ಟು ದಪ್ಪದ ಕಂದು ಗೆರೆ, ಮೇಲಿನಿಂದ ಕೆಳಕ್ಕೆ! ಅಂದರೆ ಸೋರಿಕೆ ಕೆಳಗಿನ ಸೀಲಿಂದಲ್ಲ. ಆದರೆ ಗೆರೆ ಶುರುವಾದ ಜಾಗಕ್ಕೆ ನನ್ನ ಪೌಡರೇ ತಲುಪಿರಲಿಲ್ಲ.

ಹಾಗಾಗಿ ಮೂರನೆಯದು, ಯುವಿ ಡೈ, ಅಂದರೆ ನೇರಳಾತೀತ (ಯುವಿ) ಟಾರ್ಚ್ ಬೆಳಕಿಗೆ ಹೊಳೆಯೋ ಬಣ್ಣ. ಟಾರ್ಚ್, ಹಳದಿ ಕನ್ನಡಕ ಎಲ್ಲ ಸೇರಿ ಸಾವಿರದ ಮೇಲಾಯಿತು. ಡೈಯನ್ನು ಆಯಿಲ್‌ಗೆ ಬೆರೆಸಿ ಎರಡು ದಿನ ಓಡಿಸಿ, ರಾತ್ರಿ ಕತ್ತಲಲ್ಲಿ ಟಾರ್ಚ್ ಬಿಟ್ಟೆ. ಆಯಿಲ್ ಹಾಕೋ ಮುಚ್ಚಳದ ಹತ್ತಿರ ಫಳಫಳ ಹೊಳೆಯಿತು. ಸಿಕ್ಕಿಬಿತ್ತು ಅಂತ ಕುಣಿದಾಡಿದೆ. ಆಮೇಲೆ ಹೊಳೆಯಿತು ನನ್ನ ತಲೆಗೆ, ಅದು ಡೈ ಸುರಿಯುವಾಗ ನಾನೇ ಚೆಲ್ಲಿಕೊಂಡ ಎರಡು ಹನಿ! ಚೆನ್ನಾಗಿ ಒರೆಸಿ, ಮತ್ತೆ ಓಡಿಸಿ ನೋಡಿದಾಗ ಎಂಜಿನ್ ತಲೆ ಮುಚ್ಚೋ ಟ್ಯಾಪೆಟ್ ಕವರ್‌ನ ಹಿಂಬದಿ ಅಂಚಿನಿಂದ ಹಳದಿ-ಹಸಿರು ಗೆರೆ ಹೊರಟು, ಸೀದಾ ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಇಳಿದಿತ್ತು.

ನನ್ನನ್ನು ಕೇಳಿದರೆ ಡೈ ಕೊಳ್ಳಲು ಓಡಬೇಡಿ. ರಟ್ಟು ಮೊದಲು, ಪೌಡರ್ ಆಮೇಲೆ. ಕೈಗೆಟುಕದ ಮೂಲೆಯಲ್ಲಿ ಸಣ್ಣಗೆ ಜಿನುಗುತ್ತಿದ್ದರೆ ಮಾತ್ರ ಡೈಗೆ ದುಡ್ಡು ಹಾಕಿ, ಸುರಿಯುವಾಗ ಲಾಳಿಕೆ ಮರೆಯಬೇಡಿ.

ಅದೇ ಮೆಕ್ಯಾನಿಕ್‌ಗೆ ವಿಡಿಯೋ ತೋರಿಸಿದೆ. ಎರಡು ಸಲ ನೋಡಿ, "ಪ್ಯಾಕಿಂಗ್ ಬದಲಾಯಿಸಿದ್ರೆ ಸಾಕು ಬಿಡಿ ಸಾರ್" ಅಂದ. ಆ ಕವರ್ ಅಡಿ ಆಯಿಲ್ ತಡೆಯೋ ಪಟ್ಟಿಯೇ ಪ್ಯಾಕಿಂಗ್. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ರಟ್ಟು ಮಾತ್ರ ಇನ್ನೂ ಕಾರಿನ ಕೆಳಗೇ ಇದೆ. ತೆಗೆಯೋಕೆ ಆಂಟಿ ಬಿಡುತ್ತಿಲ್ಲ.