ಚಿತ್ರದುರ್ಗದಲ್ಲಿ ಪೇಂಟಿಂಗ್ ಕ್ಲಾಸ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

ದುಡ್ಡು ಹೋಗಿದ್ದಕ್ಕೂ ಬೇಜಾರಿದೆ. ಆದರೆ ನಮ್ಮಮ್ಮನ ಕೈಯಿಂದ ಬ್ರಷ್ ಕಿತ್ತುಕೊಂಡರಲ್ಲ, ಅದಕ್ಕೆ ಆದ ಸಂಕಟ ಇನ್ನೂ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್ ಕೊನೆಯಲ್ಲಿ ನಾನು, ಅಮ್ಮ ಮೈಸೂರಿನಿಂದ ದಾವಣಗೆರೆಗೆ ಹೊರಟಿದ್ದೆವು. ಅಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಎರಡು ದಿನ ಮೊದಲೇ ಹೊರಟು ಚಿತ್ರದುರ್ಗದಲ್ಲಿ ಇಳಿದು ಕೋಟೆ ನೋಡಿಕೊಂಡು ಹೋಗೋಣ ಅಂದುಕೊಂಡೆವು. ಅಮ್ಮನಿಗೆ 63 ವರ್ಷ. ನಾನು ನೋಡಿದಾಗಿನಿಂದ ಒಂದು ದಿನವೂ ಬಾಗಿಲಿಗೆ ರಂಗೋಲಿ ತಪ್ಪಿಸಿಲ್ಲ. ಹದಿನೈದು ಚುಕ್ಕಿಯ ರಂಗೋಲಿಯನ್ನು ಮಾತಾಡುತ್ತಲೇ ಎಳೆದು ಮುಗಿಸುತ್ತಾರೆ. ಆದರೆ ಬ್ರಷ್ ಹಿಡಿದವರಲ್ಲ. "ಒಂದ್ಸಲ ಬಣ್ಣದಲ್ಲಿ ಚಿತ್ರ ಬರೀಬೇಕು ಕಣೇ" ಅಂತ ಎಷ್ಟೋ ವರ್ಷದಿಂದ ಹೇಳುತ್ತಿದ್ದರು.

ಹೊರಡುವ ವಾರ ಫೋನ್‌ನಲ್ಲಿ ಒಂದು ಜಾಹೀರಾತು ಕಂಡಿತು. ಕೋಟೆಯೊಳಗೆ ಕೂತು ಕೋಟೆಯ ಚಿತ್ರ ಬಿಡಿಸಬಹುದಂತೆ. ಬ್ರಷ್ ಹಿಡಿಯಲು ಬಾರದವರಿಗೂ ಆರಾಮದ ಕ್ಲಾಸ್. ನಾಲ್ಕು ಗಂಟೆ, ಎಂಟೇ ಜನ. ಆಕ್ರಿಲಿಕ್ ಬಣ್ಣ, ಕ್ಯಾನ್ವಾಸ್, ಬ್ರಷ್ ಎಲ್ಲ ಅವರದೇ. ತಲೆಗೆ ₹1,200. ವಾಟ್ಸಾಪ್‌ನಲ್ಲಿ ಕೇಳಿದ ತಕ್ಷಣ "ಎರಡೇ ಸೀಟ್ ಉಳಿದಿದೆ ಮೇಡಂ" ಅಂದರು. ನಾನು ಅಲ್ಲೇ ₹2,400 ಹಾಕಿಬಿಟ್ಟೆ. ಯುಪಿಐನಲ್ಲಿ ಬಂದ ಹೆಸರಿಗೂ ಕ್ಲಾಸಿನ ಹೆಸರಿಗೂ ಸಂಬಂಧ ಇರಲಿಲ್ಲ. ಅದನ್ನು ನೋಡಿಯೂ ಸುಮ್ಮನಾದೆ.

ಇನ್ನೊಂದನ್ನೂ ನೋಡಿದ್ದೆ, ಆದರೆ ಅರ್ಥವಾಗಿರಲಿಲ್ಲ. ಹಿಂದೆ ಬಂದುಹೋದವರು ತಮ್ಮ ಚಿತ್ರ ಹಿಡಿದು ನಿಂತ ಫೋಟೋಗಳನ್ನು ಹಾಕಿದ್ದರು. ಎಲ್ಲರ ಕೈಯಲ್ಲೂ ಒಂದೇ ಚಿತ್ರ. ಅದೇ ಮುಳುಗುವ ಸೂರ್ಯ, ಅದೇ ಕಪ್ಪು ಕೋಟೆ, ಅದೇ ಜಾಗದಲ್ಲಿ ನಾಲ್ಕು ಹಕ್ಕಿ. ಅಬ್ಬಾ, ಎಷ್ಟು ಚೆನ್ನಾಗಿ ಕಲಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ಸಲ ಬ್ರಷ್ ಹಿಡಿದ ಇಪ್ಪತ್ತು ಜನರ ಚಿತ್ರ ಒಂದೇ ಥರ ಬರಲು ಸಾಧ್ಯವಾ? ಆ ಫೋಟೋ ಇನ್ನೊಂದು ನಿಮಿಷ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು.

ಕ್ಲಾಸ್ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ಬೆಳಗ್ಗೆಯೇ ಕೋಟೆ ಹತ್ತಿದೆವು. ಏಳು ಸುತ್ತಿನ ಕೋಟೆ ಅಂತ ಕೇಳಿದ್ದೆ, ಒಳಗೆ ನಡೆದಾಗಲೇ ಅದರ ಅಳತೆ ತಿಳಿಯೋದು. ಒಂದು ಬಾಗಿಲು ದಾಟಿದರೆ ದಾರಿ ತಿರುಗಿ ಇನ್ನೊಂದು ಗೋಡೆ ಎದುರಾಗುತ್ತದೆ. ಅಮ್ಮ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಬಂದರು. ಓಬವ್ವನ ಕಿಂಡಿಯ ಮುಂದೆ ನಿಂತು, "ಇಷ್ಟು ಸಣ್ಣ ಸಂದಿಯಾ!" ಅಂತ ಕೈಯಿಂದ ಮುಟ್ಟಿ ನೋಡಿದರು.

ಅವರು ನಿಜವಾಗಿ ನಿಂತುಬಿಟ್ಟದ್ದು ಹೊಂಡದ ಹತ್ತಿರ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ಹರಿಯುತ್ತದೆ, ಅಲ್ಲಿಂದ ಇನ್ನೂ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಮಳೆ ಕಡಿಮೆ ಬೀಳುವ ಊರಿನಲ್ಲಿ ನಾಯಕರ ಕಾಲದವರು ಒಂದು ಹನಿಯನ್ನೂ ಬಿಡದೆ ಹಿಡಿದ ರೀತಿ ಅದು. ಅಕ್ಕ-ತಂಗಿ ಹೊಂಡದ ನೀರು ಹಸಿರಾಗಿತ್ತು. ಬರೀ ಹಸಿರಲ್ಲ. ಬಂಡೆಯ ನೆರಳು ಬಿದ್ದ ಕಡೆ ಕಂದು, ಬಿಸಿಲಿನ ಕಡೆ ಹಳದಿ ಕಲೆಸಿದ ಹಾಗೆ. ಅಮ್ಮ ಬಹಳ ಹೊತ್ತು ನೋಡಿದರು. "ಮಧ್ಯಾಹ್ನ ಇದನ್ನೇ ಬರೀತೀನಿ" ಅಂದರು. ಅವರ ಮುಖದಲ್ಲಿ ಅಂಥ ಆಸೆ ನಾನು ನೋಡಿ ವರ್ಷಗಳಾಗಿತ್ತು.

ಮೂರು ಗಂಟೆಗೆ ಕೋಟೆ ಬಾಗಿಲ ಹತ್ತಿರ ಬಂದರೆ ಅಲ್ಲಿ ಎಂಟು ಜನ ಇರಲಿಲ್ಲ. 19 ಜನ ಇದ್ದರು. ಚೀಲ, ಬೋರ್ಡು, ಸ್ಟ್ಯಾಂಡು ಹೊತ್ತು ಒಳಗೆ ಹೊರಟ ಗುಂಪನ್ನು ಕಾವಲಿನವರು ತಡೆದರು. ತಡೆದದ್ದು ಸರಿಯೇ. ಚಿತ್ರದುರ್ಗದ ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಂಥ ಜಾಗದಲ್ಲಿ ಗುಂಪು ಸೇರಿಸಿ ಕಾರ್ಯಕ್ರಮ ಮಾಡಲು ಮೊದಲೇ ಬರವಣಿಗೆಯಲ್ಲಿ ಅನುಮತಿ ಪಡೆಯಬೇಕು. ಇವರ ಹತ್ತಿರ ಒಂದು ಕಾಗದವೂ ಇರಲಿಲ್ಲ. ಅಷ್ಟೊಂದು ಸಲೀಸಾಗಿ "ಪರವಾಗಿಲ್ಲ, ನಮ್ಮದೇ ಜಾಗ ಇದೆ ಬನ್ನಿ" ಅಂದರು. ಅವರಿಗೆ ಇದು ಹೊಸದಲ್ಲ ಅಂತ ಆಗಲೇ ಅನ್ನಿಸಿತು.

ಆಟೋ ದುಡ್ಡೂ ನಮ್ಮದೇ. ಹೋದದ್ದು ಒಂದು ಮನೆಯ ಮೂರನೇ ಮಹಡಿಯ ತಾರಸಿಗೆ, ಮೇಲೆ ತಗಡಿನ ಶೀಟು. ಲಿಫ್ಟ್ ಇಲ್ಲ. ಅಲ್ಲಿಂದ ಕೋಟೆಯ ಒಂದು ಕಲ್ಲೂ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ನೀರಿನ ಟ್ಯಾಂಕ್ ಕಾಣುತ್ತಿತ್ತು. ದುರ್ಗದ ಬಿಸಿಲು ಗೊತ್ತಲ್ಲ, ತಗಡಿನ ಕೆಳಗೆ ಕೂತರೆ ನೆತ್ತಿ ಕಾದುಹೋಗುತ್ತದೆ. ಒಂದೇ ಫ್ಯಾನ್. 19 ಜನಕ್ಕೆ ಕುಡಿಯೋ ನೀರಿನ ಎರಡು ಬಾಟಲಿ.

ಎಲ್ಲರ ಮುಂದೆ ಒಂದೊಂದು ಕ್ಯಾನ್ವಾಸ್ ಬೋರ್ಡ್ ಇಟ್ಟಿದ್ದರು. ಅದರ ಮೇಲೆ ಕೋಟೆಯ ಗೆರೆ ಮೊದಲೇ ಅಚ್ಚಾಗಿತ್ತು. ಆ ನಾಲ್ಕು ಹಕ್ಕಿಯೂ ಇತ್ತು. ಪೇಪರ್ ತಟ್ಟೆಯಲ್ಲಿ ಐದು ಬಣ್ಣ ಹಿಂಡಿದ್ದರು. ಹಸಿರೇ ಇರಲಿಲ್ಲ. ಬ್ರಷ್ ಎಳೆದ ಕಡೆಯಲ್ಲೆಲ್ಲ ಕೂದಲು ಉದುರಿ ಬಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ಅಮ್ಮ ಮೆಲ್ಲಗೆ ಕೇಳಿದರು, "ಸರ್, ನಾನು ಹೊಂಡ ಬರೀಬಹುದಾ?" ಕಲಿಸುತ್ತಿದ್ದವರು ನಕ್ಕು, "ಹೊಂಡ ಎಲ್ಲ ಫೋಟೋಗೆ ಬರಲ್ಲ ಅಮ್ಮ, ಸನ್‌ಸೆಟ್ ಮಾಡಿ" ಅಂದರು.

ಅಮ್ಮ ಮರುಮಾತಾಡಲಿಲ್ಲ. ಆಕಾಶ ಶುರು ಮಾಡಿದರು. ಅವರ ಕೈ ನಿಧಾನ, ಆದರೆ ಗಟ್ಟಿ. ಹಳದಿಯಿಂದ ಕಿತ್ತಳೆಗೆ ಹೋಗುವ ಕಡೆ ಗೆರೆ ಎದ್ದು ಕಾಣುತ್ತಿತ್ತು, ಅದನ್ನು ಹೇಗೆ ಕಲೆಸೋದು ಅಂತ ಯಾರೂ ಹೇಳಿಕೊಡಲಿಲ್ಲ. ಬಿಸಿಲಿಗೆ ತಟ್ಟೆಯಲ್ಲೇ ಬಣ್ಣ ಒಣಗಿ ಸಿಪ್ಪೆಯಾಗುತ್ತಿತ್ತು. ಒಣ ಹವೆಯಲ್ಲಿ ನೀರು ಬೆರೆಸಿ ಬಳಸುವ ಬಣ್ಣ ಬೇಗ ಒಣಗುತ್ತದೆ. ಕಲಿಸುವವರು ಪಕ್ಕದಲ್ಲಿ ನೀರಿನ ಸ್ಪ್ರೇ ಬಾಟಲಿ ಇಟ್ಟು, ಬಣ್ಣ ಸ್ವಲ್ಪ ಸ್ವಲ್ಪವೇ ಹಿಂಡಿಕೊಡಬೇಕು. ಅಷ್ಟೂ ಮಾಡಿರಲಿಲ್ಲ.

ಒಂದು ಗಂಟೆ ಆಗಿರಬೇಕು. "ಲೇಟಾಗ್ತಿದೆ, ಕೊಡಿ ಇಲ್ಲಿ" ಅಂತ ಆ ಮನುಷ್ಯ ಅಮ್ಮನ ಕೈಯಿಂದ ಬ್ರಷ್ ಎಳೆದುಕೊಂಡ. ಅಮ್ಮ ಹಾಕಿದ್ದ ಆಕಾಶದ ಮೇಲೆ ದಪ್ಪಗೆ ಕಿತ್ತಳೆ ಬಳಿದ. ಸೂರ್ಯ ಇಟ್ಟ. ಕೋಟೆಗೆ ಕಪ್ಪು ತುಂಬಿದ. ಮೂರು ನಿಮಿಷ ಹಿಡಿದಿರಬಹುದು. ಅಮ್ಮನ ಒಂದು ಗೆರೆಯೂ ಉಳಿಯಲಿಲ್ಲ. ಆಮೇಲೆ ಪಕ್ಕದವರ ಬೋರ್ಡ್, ಆಮೇಲೆ ಅದರ ಪಕ್ಕದವರದು. ಒಬ್ಬ ಚಿಕ್ಕ ಹುಡುಗಿ ತಾನು ಬರೆದ ಹಸುವನ್ನು ಅಳಿಸಿದ್ದಕ್ಕೆ ಅತ್ತೇಬಿಟ್ಟಳು. ಅಮ್ಮ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಆಗಲೇ ಎದ್ದು ಮಾತಾಡಬೇಕಿತ್ತು. ಮಾತಾಡಲಿಲ್ಲ ಅನ್ನೋದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬೋರ್ಡ್ ಹಿಡಿಸಿ, ಫೋಟೋ ತೆಗೆದರು. ನಮ್ಮ ಫೋನ್‌ನಲ್ಲಿ ಐದು ಸ್ಟಾರ್ ಹಾಕಿದ ಮೇಲೇ ಬೋರ್ಡ್ ಮನೆಗೆ ಅಂದರು. ಫ್ರೇಮ್ ಬೇಕಂದರೆ ಇನ್ನೂ ₹300. ನಾಲ್ಕು ಗಂಟೆಯ ಕ್ಲಾಸ್ ಎರಡು ಗಂಟೆಯೊಳಗೆ ಮುಗಿದಿತ್ತು. ಆ ಸ್ಟಾರ್‌ಗಳನ್ನು ನೋಡಿ ನಂಬುವವರು ನೆನಪಿಟ್ಟುಕೊಳ್ಳಿ, ಅದರಲ್ಲಿ ನನ್ನದೂ ಒಂದು ಇತ್ತು. ಅವತ್ತು ರಾತ್ರಿಯೇ ತೆಗೆದು ನಡೆದದ್ದನ್ನು ಬರೆದೆ.

ಮಾರನೇ ದಿನ ದಾವಣಗೆರೆ ಬಸ್ಸಿನಲ್ಲಿ ಅಮ್ಮ ಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸುಮಾರು 60 ಕಿಲೋಮೀಟರ್ ದಾರಿ. ಇಳಿಯುವಾಗ ನೋಡಿದರೆ ಅಂಗೈ ಬೆವರಿಗೆ ಸೂರ್ಯ ಕದಡಿ, ಸೀರೆಯ ಸೆರಗಿಗೆಲ್ಲ ಕಿತ್ತಳೆ ಬಣ್ಣ.

ಚಿಕ್ಕಮ್ಮನ ಬೀದಿಯಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲೇ ಓದಿದವರು. ಗೃಹಪ್ರವೇಶದ ಊಟಕ್ಕೆ ಬಂದಿದ್ದರು. ಬೋರ್ಡ್ ತೋರಿಸಿದೆ. ಅವರು ಬೆರಳನ್ನು ನೀರಲ್ಲಿ ಅದ್ದಿ ಮೂಲೆಯಲ್ಲಿ ಉಜ್ಜಿದರು. ಬೆರಳಿಗೆ ಬಣ್ಣ ಬಂತು. "ಇದು ಆಕ್ರಿಲಿಕ್ ಅಲ್ಲ ರೀ, ಪೋಸ್ಟರ್ ಕಲರ್" ಅಂದರು. ಆಕ್ರಿಲಿಕ್‌ನಲ್ಲಿ ಬಣ್ಣವನ್ನು ಹಿಡಿದಿಡೋದು ಒಂದು ಥರದ ಪ್ಲಾಸ್ಟಿಕ್. ನೀರು ಆರಿದ ಮೇಲೆ ಅದು ಪದರವಾಗಿ ಕೂತುಬಿಡುತ್ತದೆ, ಮತ್ತೆ ನೀರಿಗೆ ಕರಗಲ್ಲ. ಪೋಸ್ಟರ್ ಕಲರ್‌ನಲ್ಲಿ ಇರೋದು ಗೋಂದು. ಒಣಗಿದ ಮೇಲೂ ನೀರು ತಗುಲಿದರೆ ಬಿಟ್ಟುಕೊಳ್ಳುತ್ತದೆ. ಪೋಸ್ಟರ್ ಕಲರ್ ಕೆಟ್ಟದ್ದಲ್ಲ, ಶಾಲೆಯಲ್ಲಿ ನಾವೆಲ್ಲ ಅದರಲ್ಲೇ ಬರೆದವರು. ಆದರೆ ಅದು ತುಂಬಾ ಅಗ್ಗ. ಆಕ್ರಿಲಿಕ್ ಅಂತ ಹೇಳಿ ದುಡ್ಡು ತಗೊಂಡು ಅದನ್ನು ಹಿಂಡಿಕೊಡೋದು ಮೋಸ. ನೀವು ಇಂಥ ಕ್ಲಾಸಿಗೆ ಹೋದರೆ ಟ್ಯೂಬ್ ಅಥವಾ ಬಾಟಲಿ ಕೈಗೆ ತಗೊಂಡು ಹೆಸರು ಓದಿ. ತಟ್ಟೆಗೆ ಮೊದಲೇ ಹಾಕಿಟ್ಟಿದ್ದರೆ ಒಂದು ಚುಕ್ಕಿ ಒಣಗಿಸಿ ಒದ್ದೆ ಬೆರಳಿಂದ ಉಜ್ಜಿ ನೋಡಿ.

ಪ್ರವಾಸದಲ್ಲಿ ಆಯಿಲ್ ಪೇಂಟಿಂಗ್ ಕಲಿಸುತ್ತೇವೆ ಅನ್ನುವವರ ಹತ್ತಿರ ಇನ್ನೂ ಹುಷಾರಾಗಿರಿ. ಆಯಿಲ್ ಬಣ್ಣ ಮುಟ್ಟಿದರೆ ಅಂಟದ ಹಾಗೆ ಒಣಗೋಕೇ ದಿನಗಟ್ಟಲೆ ಬೇಕು. ಬಸ್ಸಲ್ಲಿ ಹೇಗೆ ಒಯ್ಯುತ್ತೀರಿ? ಆ ಬಣ್ಣ ತೆಳು ಮಾಡಲು ಬಳಸುವ ಟರ್ಪಂಟೈನ್ ಎಣ್ಣೆಯ ವಾಸನೆ ಬೇರೆ, ಗಾಳಿಯಾಡದ ಕೋಣೆಯಲ್ಲಿ ತಲೆನೋವು ಬರುತ್ತದೆ.

ಅವತ್ತು ಸಂಜೆ ಮೇಷ್ಟ್ರು ಅಮ್ಮನನ್ನು ಕೂರಿಸಿಕೊಂಡರು. ಮಕ್ಕಳು ಶಾಲೆಗೆ ಒಯ್ಯುವಂಥ ವಾಟರ್ ಕಲರ್ ಪೆಟ್ಟಿಗೆ, ಎರಡು ಬ್ರಷ್, ದಪ್ಪ ಕಾಗದ. ತೆಳು ಕಾಗದ ನೀರು ಕುಡಿದು ಸುಕ್ಕಾಗುತ್ತದೆ, 300 ಜಿಎಸ್ಎಮ್‌ನದು (ಅಂದರೆ ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗುವಂಥದ್ದು) ತಗೊಳ್ಳಿ ಅಂತ ಹೇಳಿದರು. ಮೊದಲ ಒಂದು ಗಂಟೆ ಚಿತ್ರವೇ ಇಲ್ಲ. ನೀರು ಜಾಸ್ತಿ ಆದರೆ ಏನಾಗುತ್ತದೆ, ಬಣ್ಣ ಜಾಸ್ತಿ ಆದರೆ ಏನಾಗುತ್ತದೆ, ಬರೀ ಅಷ್ಟೇ. ಅಮ್ಮ ಹೊಂಡದ ಹಸಿರು ಕೇಳಿದಾಗ ಹಳದಿಗೆ ನೀಲಿ ಹಾಕಿಸಿ, ಅದು ಗಿಳಿಹಸಿರು ಆದ ಮೇಲೆ ಬ್ರಷ್ ತುದಿಯಷ್ಟು ಕೆಂಪು ಸೇರಿಸಲು ಹೇಳಿದರು. ಹಸಿರಿನ ಅಬ್ಬರ ಇಳಿದು ನೀರಿನ ಬಣ್ಣ ಬಂತು. ಅಮ್ಮ "ಅಯ್ಯೋ!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಅಷ್ಟು ಹೊತ್ತೂ ಮೇಷ್ಟ್ರು ಒಂದು ಸಲವೂ ಅಮ್ಮನ ಕಾಗದ ಮುಟ್ಟಲಿಲ್ಲ. ಏನಾದರೂ ತೋರಿಸಬೇಕಿದ್ದರೆ ತಮ್ಮದೇ ಬೇರೆ ಹಾಳೆಯಲ್ಲಿ ಮಾಡಿ ತೋರಿಸಿದರು. ನಾನು ಇನ್ನು ಯಾವ ಕ್ಲಾಸಿಗೆ ವಿಚಾರಿಸಿದರೂ ಮೊದಲು ಕೇಳೋದು ಇದನ್ನೇ: ನೀವು ಕಲಿಯುವವರ ಚಿತ್ರದ ಮೇಲೆ ಕೈಯಾಡಿಸುತ್ತೀರಾ, ಇಲ್ಲವಾ? ನಮಗೆ ಇಷ್ಟವಾದದ್ದನ್ನು ಬರೆಯಬಹುದಾ? ಜಾಗ ಯಾವುದು, ಅಲ್ಲಿಗೆ ಅನುಮತಿ ಇದೆಯಾ, ಮೆಟ್ಟಿಲು ಎಷ್ಟು? ಉತ್ತರ ವಾಟ್ಸಾಪ್‌ನಲ್ಲಿ ಬರಹದಲ್ಲೇ ಬರಬೇಕು. ಅಡ್ವಾನ್ಸ್ ಅಂತ ಸ್ವಲ್ಪ ಕೊಟ್ಟು, ಉಳಿದದ್ದು ಅಲ್ಲಿ ಹೋಗಿ ನೋಡಿದ ಮೇಲೆ. ಇದಕ್ಕೆ ಒಪ್ಪದವರನ್ನು ಬಿಟ್ಟುಬಿಡಿ.

ದುಡ್ಡಿನ ವಿಷಯ. ನಾನು ವಾಪಸ್ ಕೇಳಿದಾಗ "ಬಂದವರೆಲ್ಲ ಖುಷಿಯಾಗೇ ಹೋದರಲ್ಲ ಮೇಡಂ" ಅಂತ ಉತ್ತರ ಬಂತು. ಅಷ್ಟರಲ್ಲಿ ಜಾಹೀರಾತೂ ಮಾಯ. ಪುಣ್ಯಕ್ಕೆ ಎಂಟು ಜನ, ನಾಲ್ಕು ಗಂಟೆ, ಆಕ್ರಿಲಿಕ್ ಅಂತ ಅವರೇ ಬರೆದ ಮೆಸೇಜ್ ನನ್ನ ಹತ್ತಿರ ಇತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕೆಲವು ದಿನಗಳ ಮೇಲೆ ₹1,000 ವಾಪಸ್ ಬಂತು. ಉಳಿದ ₹1,400 ಬಂದಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾ ಅಂತ ಮನೆಯಲ್ಲಿ ಮಾತಾಡುತ್ತಿದ್ದೇವೆ. ಎರಡು ವರ್ಷದ ಒಳಗೆ ದೂರು ಹಾಕಬಹುದು, ₹5 ಲಕ್ಷದವರೆಗೆ ಕೊಟ್ಟ ದುಡ್ಡಿನ ದೂರಿಗೆ ಶುಲ್ಕ ಇಲ್ಲ. ದುಡ್ಡು ತಗೊಂಡು ಫೋನೇ ಆಫ್ ಮಾಡಿಕೊಂಡವರಾದರೆ ತಡಮಾಡದೆ 1930ಕ್ಕೆ ಮಾಡಿ, ಅದು ಸೈಬರ್ ಮೋಸಕ್ಕೆ ಇರುವ ನಂಬರ್.

ಚಿತ್ರದುರ್ಗಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಹೋಗಿ. ನಾವೂ ಮೈಸೂರಿಗೆ ವಾಪಸ್ ಬರುವಾಗ ಮತ್ತೆ ಇಳಿದೆವು. ಮೇಷ್ಟ್ರು ಕೊಟ್ಟ ನಾಲ್ಕು ಹಾಳೆ, ಆ ಬಣ್ಣದ ಪೆಟ್ಟಿಗೆ, ಒಂದು ಬಾಟಲಿ ನೀರು. ಬೆಳಗ್ಗೆ ಬಿಸಿಲೇರುವ ಮುಂಚೆ ಅಕ್ಕ-ತಂಗಿ ಹೊಂಡದ ಹತ್ತಿರ ನೆರಳಲ್ಲಿ ಕೂತೆವು. ಅಮ್ಮ ಹನ್ನೊಂದು ಗಂಟೆಯವರೆಗೂ ಬರೆದರು. ಕಲ್ಲು ಸೊಟ್ಟಗೆ ಬಂದಿದೆ, ನೀರು ಒಂದು ಕಡೆ ಹರಡಿ ಕಲೆಯಾಗಿದೆ. ಆ ಹಾಳೆ ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ಅದರ ಮೂಲೆಯಲ್ಲಿ ಪೆನ್ಸಿಲಿನಲ್ಲಿ ತಮ್ಮ ಹೆಸರು ಬರೆದುಕೊಂಡಿದ್ದಾರೆ.